ಟವರು ಬೇಕು, ಅದರ ಅಲೆ ಬೇಡ ಎಂದರೆ ಹೇಗೆ?

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಮಲೆನಾಡಿನ ಹಳ್ಳಿಗಳಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗದ ಬಗ್ಗೆ ನಿಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳಲ್ಲಿ ವರದಿಗಳು ಬರುತ್ತವೆ. ಶರಾವತಿ ಹಿನ್ನೀರಿನ ಆಸುಪಾಸಿನ ಊರುಗಳಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ’ ಎಂಬ ಕೂಗು ಎದ್ದದ್ದು ಶಿವಮೊಗ್ಗ ಜಿಲ್ಲೆಯವರಿಗೆ ಹೊಸ ಸುದ್ದಿಯಲ್ಲ. ಅದರ ಜೊತೆಜೊತೆಗೇ ಇನ್ನೊಂದು ಬಗೆಯ ಅರ್ಜಿಯೂ ಗ್ರಾಮ ಪಂಚಾಯಿತಿಯ ಮೇಜಿಗೆ ಬರತೊಡಗಿದೆ. ಟವರು ಮನೆಯ ಹತ್ತಿರ ಬೇಡ, ಶಾಲೆಯ ಹತ್ತಿರ ಬೇಡ, ತೋಟದ ತಲೆಯ ಮೇಲೂ ಬೇಡ. ಅದರ ವಿಕಿರಣದಿಂದ ಕ್ಯಾನ್ಸರ್ ಬರುತ್ತದೆ, ಜೇನು ಓಡಿಹೋಗುತ್ತದೆ, ಅಡಿಕೆಗೆ ಎಲೆಚುಕ್ಕೆ ರೋಗ ತಗಲುತ್ತದೆ ಎಂಬುದು ಅದರ ಒಕ್ಕಣೆ. ನಮ್ಮ ಗ್ರಾಮಸಭೆಯಲ್ಲಿ ಟವರು ಬೇಕೆಂಬ ಅರ್ಜಿಗೂ ಬೇಡವೆಂಬ ಅರ್ಜಿಗೂ ಸಹಿ ಹಾಕಿದವರು ಬಹುತೇಕ ಅವರವರೇ ಆಗಿದ್ದರು. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾಗಿ, ಈಗ ಹೊಸನಗರ ತಾಲ್ಲೂಕಿನಲ್ಲಿ ಒಂದಿಷ್ಟು ಅಡಿಕೆ ತೋಟ ನೋಡಿಕೊಂಡಿರುವ ನನಗೆ ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವುದು ಕರ್ತವ್ಯವೆನಿಸಿದೆ.

ಟವರಿನಿಂದ ಹೊರಡುವುದು ಯಾವುದೋ ಹೊಸ ವಿಷವಲ್ಲ. ಸೂರ್ಯನ ಬೆಳಕು, ಒಲೆಯ ಮುಂದೆ ಕೂತಾಗ ಮುಖಕ್ಕೆ ತಾಗುವ ಕಾವು, ಟ್ರಾನ್ಸಿಸ್ಟರ್ ಹಿಡಿಯುವ ರೇಡಿಯೋ ಅಲೆ, ಆಸ್ಪತ್ರೆಯ ಕ್ಷ-ಕಿರಣ ಇವೆಲ್ಲವೂ ಒಂದೇ ಕುಲಕ್ಕೆ ಸೇರಿದ ವಿದ್ಯುತ್ಕಾಂತೀಯ ಅಲೆಗಳು. ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರಗಳು ಒಂದಕ್ಕೊಂದು ಲಂಬವಾಗಿ ಏರಿಳಿಯುತ್ತ ಸಾಗುವ ಈ ಅಲೆಗಳಿಗೆ ಹಾದುಹೋಗಲು ಗಾಳಿಯೂ ಬೇಕಿಲ್ಲ, ನೀರೂ ಬೇಕಿಲ್ಲ. ನಿರ್ವಾತದಲ್ಲಿ ಎಲ್ಲದರ ವೇಗವೂ ಒಂದೇ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. 1865ರಲ್ಲಿ ಮ್ಯಾಕ್ಸ್‌ವೆಲ್ ಇದನ್ನು ಲೆಕ್ಕದಲ್ಲಿ ತೋರಿಸಿದರು, ಇಪ್ಪತ್ತು ವರ್ಷ ಕಳೆದ ಮೇಲೆ ಹರ್ಟ್ಸ್ ಪ್ರಯೋಗದಲ್ಲಿ ಕಂಡರು. 5ಜಿ ಬಂದಾಗ ‘ಇದು ಹಿಂದೆಂದೂ ಇಲ್ಲದ ಕಿರಣ’ ಎಂದು ವಾಟ್ಸ್‌ಆ್ಯಪಿನಲ್ಲಿ ಹಬ್ಬಿಸಿದವರು ನಮ್ಮದೇ ದೇಶದ ಜಗದೀಶಚಂದ್ರ ಬೋಸರನ್ನು ಮರೆತಿದ್ದರು. ಇಂದಿನ 5ಜಿ ಅಲೆಗಳಿಗಿಂತ ಎಷ್ಟೋ ಗಿಡ್ಡದಾದ, ಮಿಲಿಮೀಟರುಗಳಲ್ಲಿ ಅಳೆಯಬೇಕಾದ ಅಲೆಗಳನ್ನು ಅವರು 1895ರಲ್ಲೇ ಕೋಲ್ಕತ್ತದ ಸಭೆಯೊಂದರಲ್ಲಿ ಗೋಡೆಗಳ ಮೂಲಕ ಹಾಯಿಸಿ, ದೂರದಲ್ಲಿಟ್ಟ ಗಂಟೆಯನ್ನು ಬಾರಿಸಿ, ಸಿಡಿಮದ್ದನ್ನು ಹೊತ್ತಿಸಿ ತೋರಿಸಿದ್ದರು.

ಕುಲ ಒಂದೇ ಆದರೂ ಗುಣ ಒಂದೇ ಅಲ್ಲ. ಅಲೆಯೊಂದು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಆವೃತ್ತಿ ಹೆಚ್ಚಿದಂತೆ ಅದರ ತರಂಗದೂರ, ಅಂದರೆ ಒಂದು ಏರಿನಿಂದ ಮುಂದಿನ ಏರಿಗಿರುವ ಅಂತರ ಕಡಿಮೆಯಾಗುತ್ತದೆ, ಅದು ಹೊತ್ತು ತರುವ ಒಂದೊಂದು ಫೋಟಾನಿನ, ಅಂದರೆ ಶಕ್ತಿಯ ಒಂದೊಂದು ಕಿರುಪೊಟ್ಟಣದ ಶಕ್ತಿ ಹೆಚ್ಚುತ್ತದೆ. ಜೀವಕೋಶದೊಳಗಿನ ಅಣುವಿನ ಕಟ್ಟನ್ನು ಮುರಿಯಲು ಒಂದೊಂದು ಫೋಟಾನಿನಲ್ಲೂ ಇಂತಿಷ್ಟು ಶಕ್ತಿ ಇರಲೇಬೇಕು. ಕ್ಷ-ಕಿರಣಕ್ಕೂ ಗಾಮಾ ಕಿರಣಕ್ಕೂ ಆ ಶಕ್ತಿ ಧಾರಾಳವಾಗಿದೆ. ಎಕ್ಸ್‌ರೇ ತೆಗೆಯುವವರು ಸೀಸದ ತಡೆಯ ಹಿಂದೆ ಹೋಗಿ ನಿಲ್ಲುವುದು ಅದಕ್ಕೇ. ನೇರಳಾತೀತ ಕಿರಣಕ್ಕೂ ತಕ್ಕಮಟ್ಟಿಗೆ ಇದೆ. ಮೊಬೈಲ್ ಟವರು ಬಳಸುವ 900 ಮೆಗಾಹರ್ಟ್ಸ್ (ಸೆಕೆಂಡಿಗೆ 90 ಕೋಟಿ ಏರಿಳಿತ) ಅಲೆಯ ಫೋಟಾನಿನ ಶಕ್ತಿಯಾದರೋ ನಾವು ಕಣ್ಣಾರೆ ನೋಡುವ ಹಸಿರು ಬೆಳಕಿನ ಫೋಟಾನಿಗೆ ಹೋಲಿಸಿದರೆ ಸುಮಾರು ಆರು ಲಕ್ಷ ಪಟ್ಟು ಕಡಿಮೆ. ಬೇಲಿ ಹಾರಲಾರದ ಕರುಗಳು ನೂರಿದ್ದರೂ ಸಾವಿರವಿದ್ದರೂ ತೋಟ ಉಳಿಯುತ್ತದೆ, ಹಾರಬಲ್ಲ ಕಡವೆಯಾದರೆ ಒಂದೇ ಸಾಕು. ಫೋಟಾನುಗಳ ಲೆಕ್ಕವೂ ಹಾಗೆಯೇ ನಡೆಯುತ್ತದೆ.

ಇದಕ್ಕೆ ಸಾಕ್ಷಿ ಬೇಕಾದವರು ಅಡಿಕೆ ಅಂಗಳದ ಮೂಲೆಯಲ್ಲಿ ಮಡಿಸಿಟ್ಟ ಹಳೆಯ ಟಾರ್ಪಾಲನ್ನು ಒಮ್ಮೆ ಮುಟ್ಟಿ ನೋಡಬಹುದು. ಎರಡು ಬೇಸಿಗೆ ಬಿಸಿಲಿಗೆ ಬಿದ್ದ ಅಗ್ಗದ ನೀಲಿ ಟಾರ್ಪಾಲಿನ ಅಂಚನ್ನು ಬೆರಳುಗಳ ನಡುವೆ ಉಜ್ಜಿದರೆ ಹೊಟ್ಟಿನಂತೆ ಉದುರುತ್ತದೆ. ಮಡಿಕೆಯ ಒಳಗೆ, ಬಿಸಿಲು ತಾಗದೆ ಉಳಿದ ಭಾಗ ಮಾತ್ರ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಪ್ಲಾಸ್ಟಿಕ್ಕಿನ ಉದ್ದನೆಯ ಅಣುಗಳನ್ನು ತುಂಡರಿಸಿದ್ದು ಬಿಸಿಲಿನ ನೇರಳಾತೀತ ಭಾಗ. ಅಡಿಕೆ ಒಣಗಿಸುವ ಪಾಲಿಹೌಸಿಗೆ ನೇರಳಾತೀತ ಕಿರಣ ತಾಳುವ ಹಾಳೆಯನ್ನೇ ಹಾಕಿಸಿ ಎಂದು ಅಂಗಡಿಯವರು ಹೆಚ್ಚು ದುಡ್ಡು ಕೇಳುವುದು ಸುಮ್ಮನೆ ಅಲ್ಲ. ಟವರಿನ ಬುಡದಲ್ಲೇ ಅದೇ ಟಾರ್ಪಾಲನ್ನು ಕತ್ತಲೆ ಕೋಣೆಯಲ್ಲಿ ಹತ್ತು ವರ್ಷ ಇಟ್ಟರೂ ಟವರಿನ ಅಲೆಯಿಂದ ಅದರ ಒಂದೆಳೆಯೂ ಹೀಗೆ ಮುರಿಯುವುದಿಲ್ಲ. ವಿಕಿರಣಕ್ಕೆ ಹೆದರಬೇಕೆಂದಿದ್ದರೆ ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಟೊಪ್ಪಿಯಿಲ್ಲದೆ ಅಂಗಳದಲ್ಲಿ ಅಡಿಕೆ ಹರವುವುದಕ್ಕೆ ಮೊದಲು ಹೆದರಬೇಕು.

ಹಾಗೆಂದು ರೇಡಿಯೋ ಅಲೆಗಳಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಸಾಕಷ್ಟು ಪ್ರಬಲವಾದರೆ ಅವು ಕಾಯಿಸುತ್ತವೆ. ಮೈಕ್ರೋವೇವ್ ಒಲೆಯಲ್ಲಿ 2450 ಮೆಗಾಹರ್ಟ್ಸ್ ಅಲೆಗಳು ಅನ್ನ ಬಿಸಿ ಮಾಡುವುದು, ಏಳೆಂಟು ನೂರು ವಾಟ್ ಶಕ್ತಿಯನ್ನು ಲೋಹದ ಪೆಟ್ಟಿಗೆಯೊಳಗೆ ಕೂಡಿಹಾಕಿರುವುದರಿಂದ. ಮನೆಯ ವೈಫೈ ಪೆಟ್ಟಿಗೆ ಸರಿಸುಮಾರು ಅದೇ ಆವೃತ್ತಿಯಲ್ಲಿ ಕೆಲಸ ಮಾಡಿದರೂ ಅದರ ಶಕ್ತಿ ಒಂದು ವಾಟಿನ ಹತ್ತನೇ ಒಂದು ಭಾಗದ ಆಸುಪಾಸು. ಟವರುಗಳಿಗೆ ಮಿತಿ ಹಾಕಿರುವುದು ಈ ಕಾವಿನ ಲೆಕ್ಕದ ಮೇಲೆ. ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವನ್ನು ಭಾರತ 2012ರ ಸೆಪ್ಟೆಂಬರಿನಿಂದ ತನ್ನ ಮಿತಿಯಾಗಿ ಇಟ್ಟುಕೊಂಡಿದೆ. 900 ಮೆಗಾಹರ್ಟ್ಸಿನಲ್ಲಿ ಅದು ಚದರ ಮೀಟರಿಗೆ 0.45 ವಾಟ್. ಈಗ ಒಂದು ಆಂಟೆನಾಕ್ಕೆ 40 ವಾಟ್ ಕೊಟ್ಟು, ಅದು ತನ್ನ ಅಲೆಯನ್ನು ಒಂದೇ ದಿಕ್ಕಿಗೆ ಐವತ್ತು ಪಟ್ಟು ಒಗ್ಗೂಡಿಸುತ್ತದೆ ಎಂದಿಟ್ಟುಕೊಳ್ಳೋಣ. ಆ ಧಾರೆಯ ನಟ್ಟನಡುವೆ, ನೂರು ಮೀಟರ್ ದೂರದಲ್ಲಿ ನಿಂತವರ ಮೇಲೆ ಬೀಳುವುದು ಚದರ ಮೀಟರಿಗೆ ಸುಮಾರು 0.016 ವಾಟ್. ಇನ್ನೂರು ಮೀಟರಿಗೆ ಹೋದರೆ ಅದರ ಕಾಲುಭಾಗ. ಅದೇ ಜಾಗದಲ್ಲಿ ನಡುಹಗಲಿನ ಬಿಸಿಲು ಸುರಿಯುವುದು ಚದರ ಮೀಟರಿಗೆ ಸುಮಾರು 1000 ವಾಟ್. ಒಂದು ಟವರಿನಲ್ಲಿ ಹಲವು ಆಂಟೆನಾಗಳಿರುತ್ತವೆ, ಒಪ್ಪುತ್ತೇನೆ. ಆದರೆ ಅವುಗಳ ಧಾರೆ ಹೆಚ್ಚುಕಡಿಮೆ ಅಡ್ಡಡ್ಡವಾಗಿ ದೂರಕ್ಕೆ ಹೋಗುತ್ತದೆಯೇ ಹೊರತು ಬುಡಕ್ಕೆ ಸುರಿಯುವುದಿಲ್ಲ. ಟವರಿನ ಕೆಳಗಿನ ಮನೆಯವರಿಗೆ ಹೆಚ್ಚು ಅಪಾಯ ಎಂಬ ಮಾತಿಗೆ ಇದರಿಂದಾಗಿ ಆಧಾರ ಸಿಗುವುದಿಲ್ಲ.

ಟವರಿಗೆ ಹೆದರುವವರು ಗಮನಿಸದೆ ಬಿಟ್ಟಿರುವ ಮುಖ್ಯ ಸಂಗತಿಯೊಂದು ಅವರ ಕೈಯಲ್ಲೇ ಇದೆ. ಮೊಬೈಲ್ ಫೋನು ಅಲೆಯನ್ನು ಹಿಡಿಯುವುದಷ್ಟೇ ಅಲ್ಲ, ಕಳಿಸುತ್ತದೆ ಕೂಡ. ಟವರು ಹತ್ತಿರವಿದ್ದು ಸಿಗ್ನಲ್ ಚೆನ್ನಾಗಿದ್ದರೆ ಫೋನು ತನ್ನ ಶಕ್ತಿಯನ್ನು ಗರಿಷ್ಠದ ಸಾವಿರದ ಒಂದು ಪಾಲಿಗೂ ಇಳಿಸಿಕೊಳ್ಳಬಲ್ಲದು. ಟವರು ಗುಡ್ಡದಾಚೆ ಇದ್ದರೆ ಗರಿಷ್ಠಕ್ಕೆ ಏರಿಸುತ್ತದೆ. 4ಜಿ ಫೋನಿಗೆ ಆ ಗರಿಷ್ಠ ಸುಮಾರು 0.2 ವಾಟ್, ಹಳೆಯ 2ಜಿ ಫೋನಿನಲ್ಲಿ ಅಲೆ ಹೊರಡುವ ಕ್ಷಣಗಳಲ್ಲಿ 2 ವಾಟಿನವರೆಗೆ. ನಮ್ಮ ತಗ್ಗಿನ ತೋಟಗಳಲ್ಲಿ ಕೆಲಸಕ್ಕಿಳಿದವರ ಫೋನು ಯಾರಿಗೂ ಕರೆ ಮಾಡದೆ ಜೇಬಿನಲ್ಲೇ ಇದ್ದರೂ ಸಂಜೆಗೆ ಬ್ಯಾಟರಿ ಖಾಲಿಯಾಗಿ ಬೆಚ್ಚಗಾಗಿರುವುದು ಟವರನ್ನು ಹುಡುಕಿ ಹುಡುಕಿ ಕೂಗಿದ್ದರಿಂದ. ಟವರು ನೂರಾರು ಮೀಟರ್ ದೂರದಲ್ಲಿರುತ್ತದೆ, ಫೋನು ಕಿವಿಗೆ ತಾಗಿಕೊಂಡಿರುತ್ತದೆ. ಊರಿನಿಂದ ಟವರನ್ನು ಎರಡು ಗುಡ್ಡದಾಚೆ ಓಡಿಸಿದವರು ತಮ್ಮ ತಲೆಗೆ ತಾಗುವ ಅಲೆಯನ್ನು ಹೆಚ್ಚಿಸಿಕೊಂಡಂತಾಯಿತೇ ಹೊರತು ಕಡಿಮೆ ಮಾಡಿಕೊಂಡಂತಾಗಲಿಲ್ಲ.

ಕ್ಯಾನ್ಸರಿನ ಮಾತಿಗೆ ಆಧಾರವಾಗಿ ಅರ್ಜಿದಾರರು ಎತ್ತಿ ತೋರಿಸುವುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೋ ಅಲೆಗಳನ್ನು ‘2ಬಿ’ ಗುಂಪಿಗೆ ಸೇರಿಸಿದ್ದನ್ನು. ಸೇರಿಸಿದ್ದು ನಿಜ. ಕ್ಯಾನ್ಸರ್ ತರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಆದರೆ ಸಾಕ್ಷ್ಯ ಸೀಮಿತ ಎಂಬುದು ಆ ಗುಂಪಿನ ಅರ್ಥ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ಆಗ ಮುಖ್ಯವಾಗಿ ಪರಿಗಣಿಸಿದ್ದು ಕೂಡ ತಲೆಗೆ ಒತ್ತಿ ಹಿಡಿಯುವ ಫೋನಿನ ಬಳಕೆಯನ್ನು. ಇಲ್ಲೊಂದು ಮಾತು ಹೇಳದಿದ್ದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಇದೇ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಇನ್ನೂ ಮೇಲಿನ, ಸಾಕ್ಷ್ಯ ಸಾಕಷ್ಟಿದೆ ಎನ್ನುವ ಒಂದನೇ ಗುಂಪಿಗೆ ಸೇರಿಸಿತು. ಆ ವರದಿಯನ್ನು ಒಪ್ಪುವುದಿಲ್ಲವೆಂದು ಸಭೆ ನಡೆಸಿ ಠರಾವು ಮಾಡುವ ನಾವೇ, ಟವರಿನ ವಿಷಯ ಬಂದಾಗ ಅದೇ ಸಂಸ್ಥೆಯ ಇದಕ್ಕಿಂತ ಎಷ್ಟೋ ಸೌಮ್ಯವಾದ ಮಾತನ್ನು ವೇದವಾಕ್ಯವೆಂದು ಹಿಡಿದುಕೊಂಡರೆ ಕೇಳುವವರು ನಗದೆ ಇರುತ್ತಾರೆಯೇ?

ಜೇನಿನ ಮಾತೂ ಹೀಗೆಯೇ. ಮಲೆನಾಡಿನ ತುಡುವೆ ಜೇನಿನ ಪೆಟ್ಟಿಗೆಗಳು ಒಂದರ ಹಿಂದೊಂದು ಬರಿದಾದ ಕಾಲ ನನ್ನ ವಯಸ್ಸಿನವರಿಗೆ ಚೆನ್ನಾಗಿ ನೆನಪಿದೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಭಾಗವನ್ನು ನುಂಗಿಹಾಕಿತು. ದೇಶದಲ್ಲಿ ಮೊದಲ ಮೊಬೈಲ್ ಕರೆ ಆದದ್ದು 1995ರ ಜುಲೈ 31ರಂದು. ಟವರು ನಮ್ಮ ಘಟ್ಟ ಹತ್ತಿದ್ದು ಅದಕ್ಕೂ ಎಷ್ಟೋ ತಡವಾಗಿ. ಇನ್ನು ಎಲೆಚುಕ್ಕೆ ರೋಗ ಶಿಲೀಂಧ್ರದ್ದು ಎಂದು ತೋಟಗಾರಿಕಾ ವಿಜ್ಞಾನಿಗಳು ಹೇಳಿಯಾಗಿದೆ, ಅದಕ್ಕೆ ಟವರಿನ ಮೇಲೆ ಮುನಿಸಿಕೊಂಡರೆ ಔಷಧಿ ಹೊಡೆಯುವ ಕಾಲ ಮೀರಿ ಹೋಗುತ್ತದೆ, ಅಷ್ಟೇ.

ಭಯವನ್ನು ಬದಿಗಿಟ್ಟು ನೋಡಿದರೆ, ನಾವು ನಿಜವಾಗಿ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಬಯಲುಸೀಮೆಯಲ್ಲಿ ಒಂದು ಟವರು ನಾಲ್ಕಾರು ಊರಿಗೆ ಸಾಕಾಗುವಾಗ ಇಲ್ಲಿ ಟವರಿನ ದೀಪ ಕಾಣುವ ಮನೆಗೂ ಸಿಗ್ನಲ್ ಇರುವುದಿಲ್ಲವೇಕೆ? ಅಲೆ ತನ್ನ ತರಂಗದೂರಕ್ಕೆ ಹೋಲಿಸಬಹುದಾದ ಅಡ್ಡಿಯನ್ನು ಬಳಸಿಕೊಂಡು ಬಾಗಿ ಹೋಗುತ್ತದೆ, ಅದಕ್ಕಿಂತ ಬಹಳ ದೊಡ್ಡ ಅಡ್ಡಿಯ ಹಿಂದೆ ನೆರಳು ಬೀಳಿಸುತ್ತದೆ. ಭದ್ರಾವತಿ ಆಕಾಶವಾಣಿಯ ಮಧ್ಯಮ ಅಲೆ 675 ಕಿಲೋಹರ್ಟ್ಸಿನದು, ತರಂಗದೂರ ಸುಮಾರು 444 ಮೀಟರ್. ನಮ್ಮ ಗುಡ್ಡಗಳ ಗಾತ್ರಕ್ಕೆ ಸರಿದೂಗುವ ಆ ಅಲೆ ನೆಲವನ್ನು ಹಿಡಿದು, ಗುಡ್ಡವನ್ನು ಬಳಸಿ, ಕಣಿವೆಯ ಕೊಟ್ಟಿಗೆಯಲ್ಲಿ ನೇತುಹಾಕಿದ ಟ್ರಾನ್ಸಿಸ್ಟರಿನಲ್ಲೂ ವಾರ್ತೆ ಓದುತ್ತಿತ್ತು. ಅದೇ ಕೇಂದ್ರದ 103.5 ಮೆಗಾಹರ್ಟ್ಸಿನ ಎಫ್‌ಎಂ ಅಲೆಯ ಉದ್ದ ಮೂರು ಮೀಟರಿಗೂ ಕಡಿಮೆ. ಧ್ವನಿ ಸ್ವಚ್ಛ, ಆದರೆ ಗುಡ್ಡ ಅಡ್ಡ ಬಂದರೆ ಗೊರಗೊರ. ಮೊಬೈಲಿನಲ್ಲಿ 700 ಮೆಗಾಹರ್ಟ್ಸಿನ ಅಲೆ 43 ಸೆಂಟಿಮೀಟರ್, 2300ರದ್ದು 13 ಸೆಂಟಿಮೀಟರ್, 5ಜಿಗೆ ಹೆಚ್ಚಾಗಿ ಬಳಸುವ 3500 ಮೆಗಾಹರ್ಟ್ಸಿನದು ಒಂಬತ್ತು ಸೆಂಟಿಮೀಟರಿಗೂ ಕಡಿಮೆ. ಗಿಡ್ಡ ಅಲೆ ಹೆಚ್ಚು ಮಾಹಿತಿಯನ್ನು ಹೊರುತ್ತದೆಂಬುದು ನಗರಕ್ಕೆ ಲಾಭ. ನಮ್ಮ ಕಡೆ ಗುಡ್ಡ, ಅದರ ಮೇಲೆ ಮಳೆಗೆ ತೊಯ್ದ ದಟ್ಟ ಎಲೆ, ಅದರ ಕೆಳಗೆ ಅಡಿಕೆಯ ಸಾಲು, ಆಮೇಲೆ ಜಂಬಿಟ್ಟಿಗೆಯ ದಪ್ಪ ಗೋಡೆ. ನೀರು ತುಂಬಿದ ಎಲೆಗಳು ಗಿಡ್ಡ ಅಲೆಯನ್ನೇ ಹೆಚ್ಚು ಹೀರುತ್ತವೆ. ಹಂಚು ತೆಗೆದು ಸತುವಿನ ತಗಡು ಹೊದೆಸಿದ ಮನೆಗಳಲ್ಲಿ ಸಿಗ್ನಲ್ ಕಡಿಮೆಯಾಯಿತೆಂಬ ದೂರು ಸುಳ್ಳಲ್ಲ, ಹಂಚು ಬಿಟ್ಟುಕೊಡುವ ಅಲೆಯನ್ನು ಲೋಹ ಹಿಂದಕ್ಕೆ ಹೊಡೆಯುತ್ತದೆ.

ಜಗಲಿಯ ಕಂಬಕ್ಕೆ ತೆಂಗಿನ ಗರಟೆ ಕಟ್ಟಿ, ಅದರಲ್ಲಿ ಫೋನನ್ನು ನಿಲ್ಲಿಸಿ, ಕರೆ ಬಂದರೆ ಓಡಿಬಂದು ಅಲ್ಲೇ ನಿಂತು ಸ್ಪೀಕರಿನಲ್ಲಿ ಮಾತಾಡುವ ಮನೆಗಳು ನಮ್ಮಲ್ಲಿ ಈಗಲೂ ಇವೆ. ಗರಟೆಯನ್ನು ಒಂದು ಗೇಣು ಆಚೆಗೆ ಸರಿಸಿದರೆ ಸಿಗ್ನಲ್ ಹೋಗುತ್ತದೆ, ಇನ್ನೊಂದು ಗೇಣಿಗೆ ಮತ್ತೆ ಬರುತ್ತದೆ. ಇದರಲ್ಲಿ ಮಾಟವೇನಿಲ್ಲ. ಎದುರಿನ ಗುಡ್ಡ, ತಗಡಿನ ಮಾಡು, ಕಲ್ಲಿನ ಗೋಡೆಗಳಿಂದ ಪ್ರತಿಫಲಿಸಿ ಬಂದ ಒಂದೇ ಅಲೆಯ ತುಣುಕುಗಳು ಒಂದೆಡೆ ಏರಿಗೆ ಏರು ಕೂಡಿ ಬಲಗೊಳ್ಳುತ್ತವೆ, ಇನ್ನೊಂದೆಡೆ ಏರಿಗೆ ಇಳಿವು ಸೇರಿ ಅಳಿಸಿಹೋಗುತ್ತವೆ. 900 ಮೆಗಾಹರ್ಟ್ಸಿನ ಅಲೆಗೆ ಈ ಏರು-ಇಳಿವಿನ ಜಾಗಗಳ ನಡುವೆ ಇರುವುದೇ ಗೇಣಿಗಿಂತ ಕಡಿಮೆ ಅಂತರ. ಅಲೆಗಳು ಹೀಗೆ ಕೂಡುವ, ಅಳಿಸಿಹೋಗುವ ವ್ಯತಿಕರಣವನ್ನು ತರಗತಿಯಲ್ಲಿ ಹಲಗೆಯ ಮೇಲೆ ಗೆರೆ ಎಳೆದು ಕಲಿಸಲು ಒದ್ದಾಡಿದ ನನಗೆ, ಓದು ಬರಹ ಬಾರದ ಅಜ್ಜಿಯೊಬ್ಬರು ಕಂಬದ ಮೇಲೆ ಮಸಿಯಿಂದ ಗುರುತು ಹಾಕಿ ಗರಟೆ ಕಟ್ಟಿದ್ದನ್ನು ನೋಡಿದಾಗ ಅಸೂಯೆಯೇ ಆಯಿತು.

ಮಳೆಗಾಲದ ದೂರಿನಲ್ಲಂತೂ ಎರಡು ಬೇರೆ ಬೇರೆ ಕಾರಣಗಳು ಬೆರೆತುಹೋಗಿವೆ. ಆಗ್ನೇಯಕ್ಕೆ ಮುಖಮಾಡಿ ಕೂತ ಟಿವಿ ಡಿಶ್‌ಗೆ ಅಲೆ ಬರುವುದು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದಿಂದ, ಅದೂ ಎರಡೂವರೆ ಸೆಂಟಿಮೀಟರಿನಷ್ಟು ಗಿಡ್ಡದು. ವರ್ಷಕ್ಕೆ ಏಳೆಂಟು ಸಾವಿರ ಮಿಲಿಮೀಟರ್ ಸುರಿಯುವ ಆಗುಂಬೆಯ ಮಳೆಯ ದಪ್ಪ ಹನಿಗಳು ಅಂಥ ಅಲೆಯನ್ನು ಹೀರಿ ಚದುರಿಸಬಲ್ಲವು. ಮಳೆ ಜೋರಾದಾಗ ಟಿವಿ ನಿಂತು ಸ್ವಲ್ಪ ಹೊತ್ತಿಗೆ ತಾನಾಗಿ ಬಂದರೆ ಯಾರನ್ನೂ ಬೈಯಬೇಕಾಗಿಲ್ಲ. ಹನ್ನೆರಡು, ಮೂವತ್ತು, ನಲವತ್ತು ಸೆಂಟಿಮೀಟರಿನ ಮೊಬೈಲ್ ಅಲೆಗೆ ಮಾತ್ರ ಹನಿಗಳು ಲೆಕ್ಕಕ್ಕಿಲ್ಲ. ಹಾಗಿದ್ದೂ ಮಳೆ ಬಂದ ಕೂಡಲೇ ಮೊಬೈಲು ಸತ್ತರೆ, ಮರ ಬಿದ್ದು ಕರೆಂಟು ಹೋಗಿ ಟವರಿನ ಬ್ಯಾಟರಿ ಕೈಕೊಟ್ಟಿದೆ, ಇಲ್ಲವೇ ರಸ್ತೆ ಬದಿಯ ಕೇಬಲ್ ಕಡಿದಿದೆ ಎಂದೇ ತಿಳಿಯಬೇಕು. ಟವರಿನಿಂದ ಟವರಿಗೆ ದುಂಡು ತಟ್ಟೆಗಳ ಮೂಲಕ ಗಿಡ್ಡ ಅಲೆಯಲ್ಲಿ ಸಂಪರ್ಕ ಕೊಟ್ಟಿರುವ ಕಡೆ ಮಳೆಯೂ ಒಂದಿಷ್ಟು ಕಾಟ ಕೊಡಬಹುದು. ಉಳಿದಂತೆ ‘ಮಳೆ ಸಾರ್, ಏನು ಮಾಡೋಕಾಗಲ್ಲ’ ಎಂಬ ಉತ್ತರವನ್ನು ನಾವು ಒಪ್ಪಿಕೊಂಡು ಬರುತ್ತಿರುವುದು ನಮ್ಮ ಸೌಜನ್ಯವೇ ಹೊರತು ಅಲೆಯ ಗುಣವಲ್ಲ. ನಮ್ಮ ಭಾಗದ ಟವರೊಂದು ಕರೆಂಟು ಹೋದ ಅರ್ಧ ಗಂಟೆಯಲ್ಲಿ ಮೌನವಾಗುತ್ತದೆ. ಜನರೇಟರ್ ಇದೆ, ಡೀಸೆಲ್ ಇಲ್ಲ ಎಂಬುದು ಊರಿಗೆಲ್ಲ ಗೊತ್ತು.

ದಟ್ಟ ಕಾಡಿನೊಳಗೆ ರೇಡಿಯೋ ಅಲೆ ಕೆಲಸಕ್ಕೆ ಬಾರದು ಎಂದೂ ಯಾರೂ ಕೈಚೆಲ್ಲಬೇಕಿಲ್ಲ. ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದವರು 2008ರಲ್ಲಿ ಕಾಳಿಂಗ ಸರ್ಪದ ಮೈಯೊಳಗೆ ಪುಟ್ಟ ರೇಡಿಯೋ ಪ್ರೇಷಕವನ್ನು ಇರಿಸಿ, ಕೈಯಲ್ಲಿ ಆಂಟೆನಾ ಹಿಡಿದು ಹಾವಿನ ಜಾಡನ್ನು ಹಿಂಬಾಲಿಸಿದರು. ಕೆಲಸಕ್ಕೆ ತಕ್ಕ ಅಲೆಯನ್ನು ಆರಿಸಿಕೊಂಡದ್ದರಿಂದ ಅದು ಸಾಧ್ಯವಾಯಿತು. ಮನುಷ್ಯರ ವಿಷಯದಲ್ಲೂ ಆಯ್ಕೆ ಹಾಗೆಯೇ ನಡೆಯಲಿ ಎಂಬುದಷ್ಟೇ ನನ್ನ ವಾದ.

ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ತಲುಪಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟಿದ್ದು, ಅದರಡಿ ಮಲೆನಾಡಿಗೂ ಟವರುಗಳು ಮಂಜೂರಾಗಿವೆ. ಬಿಎಸ್‌ಎನ್‌ಎಲ್‌ಗೆ 4ಜಿಗಾಗಿ ಸಿಕ್ಕಿರುವ ತರಂಗಗುಚ್ಛದಲ್ಲಿ, ಅಂದರೆ ಬಳಸಲು ಕೊಟ್ಟ ಆವೃತ್ತಿಗಳಲ್ಲಿ, 2100 ಮೆಗಾಹರ್ಟ್ಸಿನ ಜೊತೆಗೆ 700 ಮೆಗಾಹರ್ಟ್ಸೂ ಇದೆ. ಆದ್ದರಿಂದ ಜಿಲ್ಲಾಡಳಿತವೂ ನಮ್ಮ ಜನಪ್ರತಿನಿಧಿಗಳೂ ಎಷ್ಟು ಟವರು ಬಂತು ಎಂಬ ಲೆಕ್ಕ ಒಪ್ಪಿಸುವುದರ ಜೊತೆಗೆ, ಯಾವ ಟವರಿನಲ್ಲಿ ಯಾವ ಆವೃತ್ತಿಯ ಆಂಟೆನಾ ಇದೆ, ಅದರ ಮುಖ ಯಾವ ಕಣಿವೆಗಿದೆ, ಕರೆಂಟು ಹೋದರೆ ಎಷ್ಟು ಗಂಟೆ ನಡೆಯುತ್ತದೆ ಎಂಬುದನ್ನೂ ತಾಲ್ಲೂಕುವಾರು ಪ್ರಕಟಿಸಬೇಕು. ಗುಡ್ಡದ ನೆತ್ತಿಯ ಜಾಗ ಅರಣ್ಯಕ್ಕೆ ಸೇರಿದ್ದೆಂಬ ಕಾರಣಕ್ಕೆ ಟವರನ್ನು ಕಣಿವೆಯ ತಳದಲ್ಲಿ ನೆಟ್ಟು ಕೈತೊಳೆದುಕೊಳ್ಳುವ ಬದಲು, ಅಂಥ ಕಡೆ ಎರಡು ಚಿಕ್ಕ ಟವರುಗಳನ್ನು ಎದುರುಬದುರು ಇಳಿಜಾರಿನಲ್ಲಿ ನಿಲ್ಲಿಸುವ ಸಾಧ್ಯತೆಯನ್ನು ಪರಿಶೀಲಿಸಬೇಕು. ವಿಕಿರಣದ ಬಗ್ಗೆ ಇನ್ನೂ ಅನುಮಾನ ಉಳಿದವರು ತಕರಾರಿನ ಬದಲು ಅಳತೆ ಕೇಳಲಿ. ದೂರಸಂಪರ್ಕ ಇಲಾಖೆಯ ‘ತರಂಗ ಸಂಚಾರ್’ ಜಾಲತಾಣದಲ್ಲಿ ಟವರುಗಳ ವಿವರವಿದೆ, ಶುಲ್ಕ ಕಟ್ಟಿದರೆ ಇಲಾಖೆಯವರೇ ಬಂದು ಅಳೆದು ವರದಿ ಕೊಡುವ ವ್ಯವಸ್ಥೆಯೂ ಇದೆ. ಆ ಶುಲ್ಕವನ್ನು ಒಬ್ಬೊಬ್ಬರ ಮೇಲೆ ಹೊರಿಸದೆ ಗ್ರಾಮ ಪಂಚಾಯಿತಿಯೇ ಕಟ್ಟಿ, ಬಂದ ವರದಿಯನ್ನು ಕನ್ನಡದಲ್ಲಿ ಸೂಚನಾ ಫಲಕಕ್ಕೆ ಅಂಟಿಸಲಿ. ಮುಂದಿನ ಗ್ರಾಮಸಭೆಯಲ್ಲಿ ನಾನು ಮಂಡಿಸಲಿರುವ ಅರ್ಜಿಯಲ್ಲಿ ಇವಿಷ್ಟೇ ಇರುತ್ತವೆ.

ಇತಿ,
ನಿವೃತ್ತ ವಿಜ್ಞಾನ ಶಿಕ್ಷಕ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ